ಒಕ್ಕಲಿನ ರಕ್ತನಾಳ

೧೯೬೭ರಲ್ಲಿ ನಾನು ಮೂಡಬಿದ್ರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಅದಕ್ಕೂ ಮೊದಲು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿದ್ದಾಗ ಸಿಲಿಕಾನಿನ ಚೂರೊಂದನ್ನು ಕೂದಲಿನಷ್ಟು ತೆಳ್ಳಗೆ ಉಜ್ಜಿ, ಆಮ್ಲದಲ್ಲಿ ತೊಳೆದು, ಪುಟ್ಟ ಲೋಹದ ಪೊರೆಗೆ ಅಂಟಿಸಿ ಒಂದು ಒತ್ತಡಮಾಪಕ ಮಾಡಿದ್ದೆ. ಪೊರೆಯನ್ನು ಒತ್ತಿದರೆ ಚೂರು ಬಾಗುತ್ತದೆ. ಬಾಗಿದಷ್ಟೂ ಅದರಲ್ಲಿ ಹರಿಯುವ ವಿದ್ಯುತ್ತು ಬದಲಾಗಿ ಮೀಟರಿನ ಮುಳ್ಳು ಅಲುಗುತ್ತದೆ. ಮಣಿಕಟ್ಟಿನ ಮೇಲಿಟ್ಟರೆ ನಾಡಿಯ ಪ್ರತಿ ಬಡಿತವೂ ಮುಳ್ಳಿನಲ್ಲಿ ಕಾಣುತ್ತಿತ್ತು. ನನ್ನ ಬಳಿ ಅಂಥದ್ದು ಇದ್ದದ್ದು ಒಂದೇ.

ಬಂಟ್ವಾಳದ ಡಾಕ್ಟರ್ ಧರ್ಣಪ್ಪನವರು ಅದನ್ನು ನೋಡಬೇಕೆಂದರು. ಬರೀ ನೋಡುವುದಕ್ಕಲ್ಲ ಎಂಬುದು ಅದನ್ನು ಪೆಟ್ಟಿಗೆಯಲ್ಲಿಟ್ಟು ಅವರ ಕ್ಲಿನಿಕ್ಕಿಗೆ ಒಯ್ದ ಮೇಲೆ ತಿಳಿಯಿತು. ಮೇಜಿನ ಮೇಲೆ ಗಟ್ಟಿಮುಟ್ಟಾದ ನಡುವಯಸ್ಸಿನವನೊಬ್ಬ ಮಲಗಿದ್ದ. ನರ್ಸ್ ರಾಜೀವಿ ಅವನ ಚಾಚಿದ ಕೈಗೆ ಅಯೋಡಿನ್ ಹಚ್ಚಲು ಹೊರಟಿದ್ದಳು. ಅವನಿಗೆ ತಣ್ಣಗೆ ತಾಗೀತೆಂದು ಮೊದಲು ಬಾಟಲಿಯನ್ನು ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿಕೊಂಡಳು. ಆ ಕೋಣೆಯಲ್ಲಿ ಅವನ ಬಗ್ಗೆ ಯೋಚಿಸಿದವಳು ಅವಳೊಬ್ಬಳೇ.

“ಇವರಿಗೆ ಏನು ಕಾಯಿಲೆ?” ಎಂದು ಕೇಳಿದೆ.

“ಕಾಯಿಲೆ ಎಂತದೂ ಇಲ್ಲ. ಇವ ಮುಂಡಪ್ಪ, ನಮ್ಮ ಒಕ್ಕಲು. ನಿಮ್ಮ ಮಾಪಕವನ್ನು ಟ್ಯೂಬಿನ ತುದಿಗೆ ಕಟ್ಟಿ ರಕ್ತನಾಳದ ಒಳಗೇ ಕಳಿಸುವ. ಮದ್ರಾಸಿನ ಡಾಕ್ಟರುಗಳ ಸಭೆಯಲ್ಲಿ ಎಲ್ಲರೂ ಬಾಯಿ ಬಿಟ್ಟು ನೋಡ್ಬೇಕು!” ಎಂದರು ಡಾಕ್ಟರು.

“ಅದು ಚರ್ಮದ ಮೇಲಿಡ್ಲಿಕ್ಕೆ ಮಾಡಿದ್ದು. ರಕ್ತದಂಥ ಉಪ್ಪುನೀರಲ್ಲಿ ಕರೆಂಟು ತಡೆಯುವ ಅದರ ವಾರ್ನಿಷ್ ಬಿಟ್ಟುಹೋಗ್ತದೆ. ಒಳಗೆ ಹಾಗಾದ್ರೆ ಕರೆಂಟು ಸೀದಾ ರಕ್ತಕ್ಕೆ. ಹೃದಯ ನಿಂತೀತು!”

“ನಿಮ್ಮದೊಂದು ಹೆದರಿಕೆ ಮಾರಾಯ್ರೆ. ಬ್ಯಾಟರಿ ಕರೆಂಟಿಗೆ ಗದ್ದೆ ಉಳುವವ ಸಾಯ್ತಾನಾ?”

ನನ್ನ ಕಿವಿ ಬಿಸಿಯಾಯಿತು. “ಇವರನ್ನು ಕೇಳಿದ್ದೀರಾ?”

“ಕೇಳ್ಲಿಕ್ಕೆ ಏನುಂಟು?”

ನಾನೇ ತುಳುವಿನಲ್ಲಿ ಕೇಳಿದೆ. “ಮುಂಡಪ್ಪಣ್ಣ, ಇದರಿಂದ ಜೀವ ಹೋಗಬಹುದು. ಬೇಡ ಅಂತ ಹೇಳಿ, ನಾನಿದ್ದೇನೆ.”

ಅವನು ನನ್ನ ಕಡೆ ತಿರುಗದೆ ಡಾಕ್ಟರ ಮುಖ ನೋಡಿದ. “ಧಣಿಗಳು ಸೂಜಿ ಹಾಕ್ತೇನೆ ಅಂದದ್ದು ಅಕ್ಕಾ. ಗದ್ದೆ ಬಿಡು ಅಂದದ್ದಲ್ಲವಲ್ಲ,” ಎಂದು ನಕ್ಕ.

ಡಾಕ್ಟರೂ ನಕ್ಕರು. ಆ ನಗುವಿಗೆ ನನ್ನ ಮೈಯೆಲ್ಲ ಉರಿಯಿತು. ಗೇಣಿಗೆ ಕೊಟ್ಟ ಗದ್ದೆಯ ಜೊತೆಗೆ ಉಳುವವನ ರಕ್ತನಾಳವೂ ತನ್ನದೇ ಎಂದು ಈ ಮನುಷ್ಯ ತಿಳಿದಿದ್ದ. ಮುಂಡಪ್ಪನ ಬಾಯಲ್ಲಿ ಬೇಡ ಎಂಬ ಮಾತು ಬರುವಂತಿರಲಿಲ್ಲ. ಅದನ್ನು ನಾನೇ ಹೇಳಬೇಕಿತ್ತು.

“ಕೊಡುವುದಿಲ್ಲ.”

“ಟೀಚರಮ್ಮ, ಮೇಜು ನನ್ನದು, ಟ್ಯೂಬ್ ನನ್ನದು, ಒಕ್ಕಲು ನನ್ನವ. ನಿಮ್ಮದು ಆ ಚೂರು ಮಾತ್ರ,” ಎನ್ನುತ್ತ ಅವರು ಮಾಪಕದ ಪೆಟ್ಟಿಗೆಗೆ ಕೈಹಾಕಿದರು.

ಅವರಿಗಿಂತ ಮೊದಲು ನಾನು ತೆಗೆದುಕೊಂಡೆ. ಮುಚ್ಚಳ ತೆಗೆದು ಹೆಬ್ಬೆರಳಿನ ಉಗುರಿನಿಂದ ಚೂರನ್ನು ಬಲವಾಗಿ ಒತ್ತಿದೆ. ಸಿಲಿಕಾನು ಗಾಜಿನ ಹಾಗೆ, ಮುರಿದೇ ಹೋಯಿತು.

“ಹುಚ್ಚಾ ನಿಮಗೆ?” ಡಾಕ್ಟರು ಕೂಗಿದರು. “ವರ್ಷಗಟ್ಟಲೆ ಕೂತು ಮಾಡಿದ್ದಲ್ವಾ ಅದು?”

“ಹೌದು. ಮನುಷ್ಯರಿಗೆ ಅಂತ ಮಾಡಿದ್ದು.”

ಮುಂಡಪ್ಪನ ಮುಖದಲ್ಲಿ ಈಗ ನಗು ಇರಲಿಲ್ಲ. “ಧಣಿಗಳಿಗೆ ಸಿಟ್ಟು ಬರಿಸಿದ್ರಲ್ಲ ಅಕ್ಕಾ. ಅದು ಇನ್ನು ಯಾರ ತಲೆಗೆ?”

ಅವನು ಹೇಳಿದ್ದು ಸರಿಯಾಗಿತ್ತು. ನಾನು ಬಸ್ಸು ಹತ್ತಿ ಮೂಡಬಿದ್ರೆಗೆ ಹೋಗುವವಳು; ಅವನು ಅಲ್ಲೇ ಬಾಳಬೇಕಾದವನು. ನನ್ನ ಸಿಟ್ಟು ಇನ್ನೂ ಏರಿತು.

“ಡಾಕ್ಟರೇ, ಇವರ ಗದ್ದೆಯ ಸುದ್ದಿಗೆ ಹೋದ್ರೆ ಮದ್ರಾಸಿನ ಸಭೆಗೆ ನಾನೂ ಬರ್ತೇನೆ. ಇವತ್ತು ಇಲ್ಲಿ ನಡೆದದ್ದನ್ನು ಎಲ್ಲರೆದುರು ನಿಂತು ಹೇಳ್ತೇನೆ. ರಾಜೀವಿಯೂ ನೋಡಿದ್ದಾಳೆ.”

ರಾಜೀವಿ ತಲೆ ತಗ್ಗಿಸಲಿಲ್ಲ. ಡಾಕ್ಟರು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ಏಳು, ಮನೆಗೆ ಹೋಗು,” ಎಂದು ಮುಂಡಪ್ಪನಿಗೆ ಗದರಿದರು.

ಆಗ ಮಾತ್ರ ಮುಂಡಪ್ಪ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡ.