ಡಬ್ಬು ಹಾಕಿದ ತಾಟು

ಶೀತಲ ಹನ್ನೊಂದು ವರ್ಷ ಧಾರಾವಾಹಿಗಳಲ್ಲಿ ಅಳುವ ಸೊಸೆಯಾಗಿದ್ದಳು. ಬೇರೆಯವರು ಬರೆದುಕೊಟ್ಟ ಕಣ್ಣೀರು ಸುರಿಸಿ ಸಾಕಾಗಿ ತಾನೇ ಬರೆಯತೊಡಗಿದಳು, ಆಮೇಲೆ ನಿರ್ದೇಶನಕ್ಕೂ ಇಳಿದಳು. ಮೊದಲ ಸಿನಿಮಾಕ್ಕೆ ಹೆಸರು ಬಂತು, ಜನ ಬರಲಿಲ್ಲ. ಎರಡನೆಯದು ತನ್ನ ಮನೆಯದೇ ಕಥೆ.

ನಾನು ಪದ್ಮಶ್ರೀ, ಟಿಳಕವಾಡಿಯಲ್ಲಿ ಅವಳ ಓಣಿಯವಳೇ. ಅವಳ ಸಿನಿಮಾಗಳಿಗೆ ಕಂಟಿನ್ಯುಟಿ ಬರೆಯುತ್ತೇನೆ. ಯಾವ ಶಾಟ್‌ನಲ್ಲಿ ಸೆರಗು ಎಲ್ಲಿತ್ತು, ತಾಟಿನಲ್ಲಿ ಎಷ್ಟು ರೊಟ್ಟಿ ಉಳಿದಿತ್ತು ಎಂದು ನೆನಪಿಡುವುದು. ಇದೂ ಒಂದು ಕೆಲಸವೇ ಎಂದು ನಮ್ಮ ಓಣಿಯವರಿಗೆ ಇನ್ನೂ ಅನುಮಾನ.

ಶೂಟಿಂಗಿಗೆ ಖಾನಾಪುರದಲ್ಲಿ ಒಂದು ಹಳೇ ಮನೆ ಹಿಡಿದಿದ್ದೆವು. ಆ ದಿನ ತೆಗೆಯಬೇಕಿದ್ದ ಒಂದು ದೃಶ್ಯಕ್ಕಾಗಿಯೇ ಶೀತಲ ಇಡೀ ಸಿನಿಮಾ ಹೂಡಿದ್ದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಶೂಟಿಂಗ್ ಮುಗಿಸಿ ಅವಳು ಮನೆಗೆ ಓಡಿ ಬಂದಾಗ ಕತ್ತಲಾಗಿತ್ತು. ತಾಯಿ ಹೀರಾಬಾಯಿ ತಾಟು ತೊಳೆದು ಬೋರಲಾಗಿ ಡಬ್ಬು ಹಾಕಿಬಿಟ್ಟಿದ್ದರು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಆದರೆ ಇಬ್ಬರೂ ಕೂಡಿ ಉಣ್ಣೋಣವೆಂದು ಬೆಳಿಗ್ಗೆ ಮಾತಾಗಿತ್ತು. ಅವ್ವ ನನ್ನ ಬಿಟ್ಟು ಉಂಡಳು, ನನಗಿಂತ ಅವಳಿಗೆ ನಿಯಮವೇ ದೊಡ್ಡದಾಯಿತು ಎಂದು ಶೀತಲ ಇಪ್ಪತ್ತು ವರ್ಷ ಸಿಟ್ಟು ಸಾಕಿದಳು. ತಾಯಿಯೂ ಮಗಳ ಧಾರಾವಾಹಿಯನ್ನಾಗಲಿ ಸಿನಿಮಾವನ್ನಾಗಲಿ ಒಮ್ಮೆಯೂ ನೋಡಲಿಲ್ಲ.

ತಾಯಿಯ ಪಾತ್ರ ಶೀತಲಳದೇ. ಮಧ್ಯಾಹ್ನ ತಾಲೀಮು ನಡೆದಿದ್ದಾಗ ಹೀರಾಬಾಯಿ ಬುತ್ತಿಗಂಟು ಹಿಡಿದು ಬಂದರು. ಯಾರೂ ಕರೆದಿರಲಿಲ್ಲ. ಅವರದೇ ಹಳೇ ಸೀರೆಯುಟ್ಟ ಮಗಳು, ಕಿಟಕಿಯಾಚೆ ಸೂರ್ಯನನ್ನು ನೋಡುತ್ತ ಗಬಗಬನೆ ಉಂಡು, ತಾಟು ಡಬ್ಬು ಹಾಕಿದಳು.

"ಇಕಿ ಯಾರು?" ಎಂದರು ಹೀರಾಬಾಯಿ.

"ನೀನ ಅವ್ವಾ. ನಾ ಮೊದಲ ಶೂಟಿಂಗಿಗೆ ಹೋದ ದಿನಾ."

"ಅವತ್ತ ನಾ ಎಲ್ಲಿ ಉಂಡೆ?"

"ತಾಟು ತೊಳದಿಟ್ಟಿದ್ದಿ. ನಾ ಕಣ್ಣಾರೆ ನೋಡೇನಿ."

"ಎರಡೂ ತಾಟು ಹಚ್ಚಿ ಕುಂತಿದ್ದೆ. ಈಗ ಬರ್ತಾಳ, ಆಗ ಬರ್ತಾಳ ಅಂತ ದಾರಿ ನೋಡಿದೆ. ಹೊತ್ತು ಮುಣಗಿತು. ತಾಟು ತೊಳದಿಟ್ಟು ಉಪಾಸ ಮಲಗಿದೆ."

"ಮತ್ತ ಯಾಕ ಹೇಳಲಿಲ್ಲ?"

"ನೀ ಎಲ್ಲಿ ಕೇಳಿದಿ? ಮಾರಿ ಉಬ್ಬಿಸ್ಕೊಂಡು ಒಳಗ ಹೋದಿ."

ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಎರಡು ಮಾತಿನ ಕೆಲಸಕ್ಕೆ ಇಪ್ಪತ್ತು ವರ್ಷ ತೆಗೆದುಕೊಂಡರು.

ಶೀತಲ ಮೂಲೆಯಲ್ಲಿ ಕುಳಿತು ದೃಶ್ಯವನ್ನು ಹೊಡೆದುಹಾಕಿ ಮತ್ತೆ ಬರೆದಳು. ಈಗ ಅದರಲ್ಲಿ ತಾಯಿ ಉಣ್ಣುವುದಿಲ್ಲ, ಮಗಳ ದಾರಿ ಕಾಯುತ್ತಾಳೆ. ಅದಕ್ಕೆ ಹೊತ್ತು ಮುಳುಗುವ ಬೆಳಕೇ ಬೇಕು.

"ಮೊದಲ ಬಾ, ಕೂಡಿ ಉಣ್ಣೂಣು," ಎಂದರು ಹೀರಾಬಾಯಿ.

"ಒಂದ ಶಾಟ್ ಅವ್ವಾ. ಹೊತ್ತು ಮುಣಗೂದರೊಳಗ ಬಂದೆ."

ಮೊದಲ ಟೇಕಿಗೆ ಮೋಡ ಅಡ್ಡ ಬಂತು. ಎರಡನೆಯದಕ್ಕೆ ಹೊರಗೆ ಲಾರಿ ಹಾರ್ನ್ ಹೊಡೆಯಿತು. ಐದನೆಯದರಲ್ಲಿ ಶೀತಲ ಎರಡು ತಾಟಿನ ಮುಂದೆ ಕುಳಿತು, ಕಣ್ಣು ಬಾಗಿಲಿಗೆ ನೆಟ್ಟು, ಕೋಣೆ ಮಬ್ಬಾಗುವ ತನಕ ಕಾದಳು. ಲೈಟಿನ ರಾಯಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ. ಅಷ್ಟು ಚೆನ್ನಾಗಿ ಅವಳು ಎಂದೂ ನಟಿಸಿರಲಿಲ್ಲ.

"ಕಟ್!" ಎಂದು ತಾನೇ ಕೂಗಿ, ನಗುತ್ತ ತಾಯಿಯ ಬಳಿ ಓಡಿದಳು. ಹೀರಾಬಾಯಿ ಬಿಚ್ಚಿಟ್ಟ ಬುತ್ತಿಯನ್ನು ಮತ್ತೆ ಗಂಟು ಕಟ್ಟುತ್ತಿದ್ದರು. ಸಂಜೆಯೆಲ್ಲ ಸೂರ್ಯನನ್ನೇ ನೋಡುತ್ತಿದ್ದವಳಿಗೆ ಅವನು ಮುಳುಗಿದ್ದು ಆಗ ತಿಳಿಯಿತು.

ಅವಳು ಅಲ್ಲೇ ನೆಲದ ಮೇಲೆ ಕುಳಿತಳು.

"ನಾಳೆ ನಾಕಕ್ಕ ಶೂಟಿಂಗ್ ಬಂದ್ ಮಾಡ್ತೀನವ್ವಾ. ಕೂಡೇ ಉಣ್ಣೂಣು."

"ಬ್ಯಾಡ," ಎಂದರು ಹೀರಾಬಾಯಿ. "ಚಲೋ ಬೆಳಕು ಬರೂದ ಆಮ್ಯಾಲ. ನೀ ಕೆಲಸಾ ಮುಗಸು. ನಾ ಕಾಯ್ತೀನಿ."