ಅಂಗಳ ಎತ್ತರಿಸಿದ್ದು ಸಾಕು

ಟಪ್... ಟಪ್... ನಡುರಾತ್ರಿ ಆ ಸಣ್ಣ ಸದ್ದು ಕೇಳಿದೊಡನೆ ತ್ರಿವೇಣಿ ಎದ್ದು ಕುಳಿತಳು. ಅಂಗಳದ ಮಳೆನೀರು ಹೊಸ್ತಿಲು ದಾಟಿ ಮಗ್ಗದ ಕೋಣೆಗೆ ಇಳಿಯುತ್ತಿತ್ತು. ಮಗ್ಗದ ಮೋಟಾರಿಗೂ ನೀರಿಗೂ ನಡುವೆ ನಾಲ್ಕೇ ಬೆರಳು. ಮೋಟಾರು ಸುಟ್ಟರೆ ನಾಗರ ಪಂಚಮಿಯೊಳಗೆ ಕೊಡಬೇಕಾದ ಸೀರೆಗಳು ನಿಂತಂತೆಯೇ.

"ಏಳ್ರಿ. ನಿಮ್ಮ ಸಿಮೆಂಟಿನ ಅಂಗಳ ಮತ್ತ ನೀರು ಕಳಿಸೈತಿ," ಎಂದು ಗಂಡ ಪಾಂಡುರಂಗನನ್ನು ಎಬ್ಬಿಸಿದಳು.

ಬೆಳಗಾವಿಯ ವಡಗಾವಿಯಲ್ಲಿ ನೇಕಾರರ ಆ ಓಣಿಗೆ ಅದೊಂದು ಚಾಳಿ. ಒಬ್ಬರು ಸಿಮೆಂಟು ಹಾಕಿ ಅಂಗಳವನ್ನು ಒಂದು ಗೇಣು ಎತ್ತರಿಸಿದರೆ, ಬಾಜೂ ಮನೆಯವರು ಎರಡು ಗೇಣು. ಹೋದ ಬೇಸಿಗೆಯಲ್ಲಿ ಪಾಂಡುರಂಗನೂ ಎತ್ತರಿಸಿದ. ಅಂಗಳ ಮೇಲಾಯಿತು, ಮಗ್ಗದ ಕೋಣೆ ಕೆಳಗೇ ಉಳಿಯಿತು.

"ಸತ್ಯಪ್ಪ ಗೌಂಡಿಗೆ ಹೇಳಿ ಹೊಸ್ತಿಲಾ ಇನ್ನೊಂದು ಗೇಣು ಎತ್ತಸೂಣು," ಎಂದ ಬೆಳಿಗ್ಗೆ.

"ಹಂಗಾದ್ರ ಒಂದು ನಿಚ್ಚಣಿಕಿನೂ ತರ್ರಿ. ಮನಿಯೊಳಗ ಇಳಿಯಾಕ ಬೇಕಾಕ್ಕೈತಿ."

ಭಾನುವಾರ ತ್ರಿವೇಣಿಯ ಖಾನಾಪುರದ ಅಣ್ಣನ ಮಗಳು ಮುಗ್ಧಾ ಬಂದಳು. ಬೆಳಗಾವಿಯಲ್ಲೇ ಎಂಜಿನಿಯರಿಂಗ್ ಓದುವವಳು.

"ಮಾವಾ, ನೀರಿಗೆ ಇಂಗಾಕ ನೆಲಾನ ಇಲ್ಲ, ಅದಕ್ಕ ಒಳಗ ಬರ್ತೈತಿ. ಚೀನಾದಾಗ ದೊಡ್ಡ ದೊಡ್ಡ ಊರಿಗೂ ಇದ ತ್ರಾಸು. ಈಗ ಎಷ್ಟೋ ಕಡೆ ನೀರು ಇಂಗೂ ಕಲ್ಲು ಹಾಸ್ತಾರ, ರಸ್ತಾದ ಬಾಜೂಕ ಹುಲ್ಲಿನ ತಗ್ಗು ಬಿಡ್ತಾರ, ಮಾಳಿಗಿ ಮ್ಯಾಲೆ ಗಿಡಾ ಬೆಳಸ್ತಾರ. ಊರು ಸ್ಪಂಜಿನಂಗ ನೀರು ಹೀರಬೇಕು ಅಂತ."

"ಚೀನಾ ಮಾಲು ಮೂರು ತಿಂಗಳು ಬಾಳಿಕಿ ಬರಂಗಿಲ್ಲವ್ವಾ."

"ನಿಮ್ಮ ಮಗ್ಗದ ಮ್ಯಾಲಿನ ರೇಷ್ಮಿ ಎಲ್ಲಿಂದು?"

ಪಾಂಡುರಂಗ ಚಹಾದ ಕಪ್ಪು ಒಳಗಿಡಲು ಎದ್ದ. ಅದು ಚೀನಾ ರೇಷ್ಮೆಯೆಂದು ಓಣಿಗೆಲ್ಲ ಗೊತ್ತು.

ಆದರೂ ಗಂಡ ಹೆಂಡಿರ ವಾದ ಎರಡು ವಾರ ನಡೆಯಿತು. ಮಳೆ ಬಿಡುವು ಕೊಟ್ಟ ಒಂದು ದಿನ ತ್ರಿವೇಣಿ ಮಾತು ಬಿಟ್ಟು ಎರಡು ಬಕೀಟು ನೀರು ತಂದಳು. ಒಂದನ್ನು ಸಿಮೆಂಟಿನ ಮೇಲೆ ಸುರಿದಳು. ನೀರು ಸೀದಾ ಹೊಸ್ತಿಲಿಗೆ ಓಡಿತು. ಇನ್ನೊಂದನ್ನು ಅಂಗಳದ ಮೂಲೆಯಲ್ಲಿ ಉಳಿದಿದ್ದ ಕರಿಬೇವಿನ ಬುಡಕ್ಕೆ ಸುರಿದಳು, ಮಣ್ಣು ಕುಡಿದುಬಿಟ್ಟಿತು.

"ಯಾವುದು ಬೇಕು ಹೇಳ್ರಿ. ನನಗಂತೂ ರಾತ್ರಿ ನೀರು ಗೋರಿ ಗೋರಿ ಸಾಕಾಗೈತಿ."

ಪಾಂಡುರಂಗ ಕರಿಬೇವಿನ ಬುಡ ಮುಟ್ಟಿ ನೋಡಿ, ಸತ್ಯಪ್ಪನಿಗೆ ಹೇಳಿ ಕಳಿಸಿದ. ಸಂಜೆಗೆ ಅವನು ಬಂದ.

"ಹಾಕಿದಾಂವನೂ ನಾನ, ಒಡಿಯಾಂವನೂ ನಾನ," ಎಂದು ನಕ್ಕ. ಗೋಡೆಯಿಂದ ಮೂರು ಮೊಳ ದೂರ ಬಿಟ್ಟು, ಅಂಗಳದ ಉದ್ದಕ್ಕೂ ಒಂದು ಮೊಳ ಅಗಲ ಸಿಮೆಂಟು ಒಡೆದು, ಆಳವಾಗಿ ತೋಡಿ, ಇಟ್ಟಿಗೆ ಚೂರು, ಜಲ್ಲಿ, ಉಸುಕು ತುಂಬಿದ. ಮುಂದಿನ ಜೋರು ಮಳೆಯಲ್ಲಿ ಹೊಸ್ತಿಲು ಒಣಗಿಯೇ ಇತ್ತು. ಮಗ್ಗ ನಿಲ್ಲಲಿಲ್ಲ.

"ಯಾರ ತಲಿ ಇದು?" ಬಾಜೂ ಮನೆಯ ಕಾಶೀಬಾಯಿ ಕೇಳಿದಳು.

"ನಂದ. ನಾ ಮೊದಲಿಂದ ಹೇಳಾಕತ್ತಿದ್ದೆ," ಎಂದ ಪಾಂಡುರಂಗ.

ತ್ರಿವೇಣಿ ನಗುತ್ತ ಮಗ್ಗದ ಕಡೆ ತಿರುಗಿದಳು. ಕಾಶೀಬಾಯಿಯ ಗಂಡ ಆಗಲೇ ಸತ್ಯಪ್ಪನನ್ನು ಕೂಗಿ ಕರೆಯುತ್ತಿದ್ದ.

ಅಕ್ಕಂದಿರೇ, ಅಣ್ಣಂದಿರೇ, ಅಂಗಳವನ್ನು ಇನ್ನು ಎತ್ತರಿಸಬೇಡಿ. ಮಳೆಗೆ ಒಂದು ಮೊಳ ನೆಲ ಬಿಡಿ. ಹೆಸರು ಯಾರಿಗಾದರೂ ಬರಲಿ, ನೀರು ಇಂಗಲಿ. ಆ ಎರಡು ವಾರದ ಜಗಳವನ್ನು ಯಾರಿಗೂ ಹೇಳಬಾರದೆಂದು ತ್ರಿವೇಣಿಯಂತೂ ನಿರ್ಧರಿಸಿಬಿಟ್ಟಿದ್ದಾಳೆ.