ಸ್ಕಾರ್ಫಿನ ಗಂಟು

ಮೈದುನ ನಾಗಸೇನ ಸ್ಕಾರ್ಫಿನ ತುದಿಗೆ ಕೈ ಹಾಕಿದ್ದೇ ತಡ, ಶೇವಂತಾಬಾಯಿ ಅವನ ಮಣಿಕಟ್ಟು ಹಿಡಿದಳು.

"ಬಿಡ್ರಿ ಅದನ್ನ."

"ವೈನಿ, ಸತ್ತವರ ಮೈಮ್ಯಾಲ ಗಂಟು ಇರಬಾರದ್ರಿ. ಉಡದಾರಾನೂ ಹರದೀವಿ. ಇದೊಂದು ಬಿಚ್ಚಿಬಿಡ್ತೇನಿ."

"ಅವರು ಕಟ್ಟಿದ್ದದು. ಯಾರೂ ಮುಟ್ಟಬ್ಯಾಡ್ರಿ."

ನೌಬಾದದ ಮನೆಯ ಅಂಗಳದಲ್ಲಿ ಅವಳ ಗಂಡ ಮಚ್ಛೇಂದ್ರ ಮಾಸ್ತರರು ಸ್ಕೌಟ್ ಸಮವಸ್ತ್ರದಲ್ಲೇ ಮಲಗಿದ್ದರು. ಶಾಲೆಯಿಂದ ನಿವೃತ್ತರಾಗಿದ್ದರೇ ಹೊರತು ಸ್ಕೌಟಿನಿಂದ ಆಗಿರಲಿಲ್ಲ. ನಿನ್ನೆ ಮಧ್ಯಾಹ್ನ ಮೈದಾನದಲ್ಲಿ ಮಕ್ಕಳಿಗೆ ಡೇರೆ ಕಟ್ಟುವುದನ್ನು ಹೇಳಿಕೊಡುತ್ತಿದ್ದವರು ಕುಸಿದು ಬಿದ್ದರು, ಮತ್ತೆ ಏಳಲಿಲ್ಲ. ತಮ್ಮ ನಾಗಸೇನ ಭಾಲ್ಕಿಯಿಂದ ಬಂದಿದ್ದ. ಹಳೆಯ ಶಿಷ್ಯ ಅಬ್ದುಲ ವಾಹೀದ ಔರಾದದ ತನ್ನ ಟೈರ್ ಅಂಗಡಿ ಮುಚ್ಚಿ ಬಂದಿದ್ದ. ಗೋಡೆಗುಂಟ ನಿಂತ ಸ್ಕೌಟ್ ಮಕ್ಕಳ ಕಣ್ಣೆಲ್ಲ ಆ ಗಂಟಿನ ಮೇಲೆಯೇ ಇತ್ತು.

ಸ್ಕೌಟಿನವರು ಬೆಳಗ್ಗೆ ಸ್ಕಾರ್ಫಿಗೊಂದು ಗಂಟು ಹಾಕಿಕೊಳ್ಳುತ್ತಾರೆ. ಆ ದಿನ ಯಾರಿಗಾದರೂ ಒಂದು ಉಪಕಾರ ಮಾಡಿದ ಮೇಲೆಯೇ ಅದನ್ನು ಬಿಚ್ಚುವುದು.

"ಸರ್ ಗಂಟು ಹಂಗೇ ಅದ ಅಂದ್ರ, ಕೆಲಸ ಬಾಕಿ ಅದ," ಎಂದು ಗೈಡ್ ಹುಡುಗಿ ಪೂನಮ ಪಿಸುಗುಟ್ಟಿದಳು.

ಏನು ಬಾಕಿ ಎಂಬುದು ಶೇವಂತಾಬಾಯಿಯೊಬ್ಬಳಿಗೇ ಗೊತ್ತಿತ್ತು.

*

ನಿನ್ನೆ ಬೆಳಗ್ಗೆ ಅವಳು ಕ್ಯಾಂಪಿಗೆ ರೊಟ್ಟಿ ತಟ್ಟುತ್ತಿದ್ದಳು. ಲಗ್ನವಾದಾಗಿನಿಂದ ಹಾಗೆ ಕಟ್ಟಿಕೊಟ್ಟ ರೊಟ್ಟಿಗಳನ್ನು ಪೇರಿಸಿದ್ದರೆ ಬೀದರ ಕೋಟೆಯ ಗೋಡೆಗಿಂತ ಎತ್ತರವಾಗುತ್ತಿತ್ತೇನೋ. ಕ್ಯಾಂಪನ್ನು ಮಾತ್ರ ಅವಳು ಒಮ್ಮೆಯೂ ಕಂಡಿರಲಿಲ್ಲ.

"ಊರ ಮಂದಿಗೆಲ್ಲಾ ಉಪಕಾರ ಮಾಡಿ ಗಂಟು ಬಿಚ್ಚತೀರಿ. ನನ್ನ ಪಾಳಿ ಯಾವಾಗ ಬರ್ತದ?"

"ಏನ ಬೇಕು, ಕೇಳ."

"ಕ್ಯಾಂಪಿನಾಗ ಬೆಂಕಿ ಹಚ್ಚಿ, ಸುತ್ತ ಕುಂತು ಹಾಡ್ತೀರಂತಲ್ಲ. ಅದನ್ನೊಮ್ಮಿ ನೋಡ್ಬೇಕು. ಮನ್ಯಾಗಂತೂ ನೀವು ಒಂದ ದಿನಾ ಹಾಡಿಲ್ಲ."

ಮಾಸ್ತರರು ನಾಚಿ ನಕ್ಕರು. ಸ್ಕಾರ್ಫಿನ ತುದಿಗೆ ಗಂಟು ಹಾಕಿ ಅವಳ ಮುಂದೆ ಹಿಡಿದರು.

"ಇವತ್ತಿನ ಗಂಟು ನಿಂದು. ಸಂಜಿಕ ಬಗದಲ್‌ಗೆ ಕ್ಯಾಂಪಿಗೆ ಹೋಗೋಣು, ತಯಾರಿರು."

ಅವಳು ಹಸಿರು ಸೀರೆ ತೆಗೆದಿಟ್ಟಳು. ಬಹಳ ದಿನಗಳ ಮೇಲೆ ಅವಳಿಗೆ ಸುಮ್ಮಸುಮ್ಮನೆ ಖುಷಿಯಾಗಿತ್ತು. ಮೈದಾನದಿಂದ ಫೋನ್ ಬಂದಾಗ ತಲೆ ಬಾಚಿಕೊಳ್ಳುತ್ತಿದ್ದಳು.

*

ಇದನ್ನೆಲ್ಲ ಅವಳು ವಾಹೀದನಿಗೆ ಹೇಳಿದಳು. ಬೇರೆ ಯಾರಿಗೆ ಹೇಳಿದರೂ ಹುಚ್ಚು ಅನ್ನುತ್ತಿದ್ದರು.

"ಅಷ್ಟೇ ಅಲ್ಲೇನ್ರಿ ಅಮ್ಮಾ? ನಾ ಕರಕೊಂಡ ಹೋಗ್ತೇನಿ. ಕ್ಯಾಂಪ್ ಹಾಕಸ್ತೇನಿ, ಬೆಂಕಿ ಹಚ್ಚಸ್ತೇನಿ. ಈಗ ಗಂಟು..." ವಾಹೀದನ ಮಾತು ಅಲ್ಲಿಗೇ ನಿಂತಿತು.

ಹಿಂದೊಮ್ಮೆ ಕಮಠಾಣಕ್ಕೆ ನಡೆದುಹೋದ ಹೈಕಿನಲ್ಲಿ ಹುಡುಗರೆಲ್ಲ ಸೇರಿ ಕೆಸರಲ್ಲಿ ಹೂತ ಎಮ್ಮೆಯನ್ನು ಎಳೆದು ಹಾಕಿದ್ದರು. ದಂಡೆಯ ಮೇಲೆ ಹೆದರಿ ನಿಂತಿದ್ದ ಪುಟ್ಟ ವಾಹೀದನೂ ಎಲ್ಲರ ಜೊತೆ ಗಂಟು ಬಿಚ್ಚಿಕೊಂಡಿದ್ದ. ಮಾಸ್ತರರು ಬೈಯಲಿಲ್ಲ. ಮತ್ತೆ ಗಂಟು ಹಾಕಿ, ಮಂದಿ ಮಾಡಿದ ಕೆಲಸಕ್ಕೆ ನಿನ್ನ ಗಂಟು ಬಿಚ್ಚಬಾರದಪ್ಪಾ ಎಂದಿದ್ದರು. ವಾಹೀದ ಬಂದಾಗಲೆಲ್ಲ ಆ ಕತೆ ಹೇಳಿ ನಗಿಸುತ್ತಿದ್ದ.

ಈಗ ಅವನು ಮುಖ ಮುಚ್ಚಿಕೊಂಡು ಅತ್ತ. "ನನ್ನ ಕೈಲಿ ಬಿಚ್ಚಾಕ ಆಗಂಗಿಲ್ರಿ ಅಮ್ಮಾ."

"ಹೊತ್ತು ಮುಳಗತದ್ರಿ ವೈನಿ. ಏನ ಮಾಡೋಣು?" ಎಂದ ನಾಗಸೇನ.

ಶೇವಂತಾಬಾಯಿ ಗಂಟನ್ನು ಮುಷ್ಟಿಯಲ್ಲಿ ಹಿಡಿದಳು. ಸಿಟ್ಟು ಬಂತು. ಯಾರ ಮೇಲೆ ಮಾಡಬೇಕೋ ತಿಳಿಯಲಿಲ್ಲ.

"ಇರಲಿ. ಹಂಗೇ ಒಯ್ರಿ."

*

ಸುಡುಗಾಡಿನಲ್ಲಿ ಬೌದ್ಧ ಭಿಕ್ಷು ಭಂತೇಜಿ ಬುದ್ಧವಂದನೆ ಮುಗಿಸಿದರು. ನಾಗಸೇನ ಚಿತೆಗೆ ಬೆಂಕಿ ಇಟ್ಟ. ದೊಡ್ಡವರು ಹಿಂದೆ ಸರಿದರು. ಮಕ್ಕಳು ಮಾತ್ರ ಸರಿಯಲಿಲ್ಲ. ಉರಿ ಮೇಲೇಳುತ್ತಿದ್ದಂತೆ, ಯಾರೂ ಹೇಳದೆಯೇ, ಕ್ಯಾಂಪಿನ ರೂಢಿಯಂತೆ ಒಬ್ಬೊಬ್ಬರಾಗಿ ಅದರ ಸುತ್ತ ನೆಲದ ಮೇಲೆ ಕೂತುಬಿಟ್ಟರು. ನಾಗಸೇನ ಗದರಿಸಲು ಹೊರಟಾಗ ವಾಹೀದ ಅವನ ತೋಳು ಹಿಡಿದ.

ಪೂನಮ ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಕೂಡ್ರಿ ಅಮ್ಮಾ."

ಶೇವಂತಾಬಾಯಿ ಕೂತಳು. ಬೆಂಕಿಯ ಝಳ ಮುಖಕ್ಕೆ ಹೊಡೆಯುತ್ತಿತ್ತು.

"ಹಾಡಂಗಿಲ್ಲೇನವ್ವಾ?" ಎಂದು ಮೆಲ್ಲಗೆ ಕೇಳಿದಳು.

"ಮೊದಲ ಸರ್ ಶುರು ಮಾಡ್ತಿದ್ರು ಅಮ್ಮಾ," ಎಂದಳು ಪೂನಮ. "ಆಮ್ಯಾಲ ನಾವು."

ಮಕ್ಕಳೆಲ್ಲ ಬೆಂಕಿಯನ್ನೇ ನೋಡುತ್ತ ಕಾಯುತ್ತಿದ್ದರು.